ಒಳಗಡೆಗೆ ಮೂರಿಂಚು

ಹೊರಗಿನ ಗೆರೆ ಮುಟ್ಟಬಾರದು ಅಂದರು ಸುಗಂಧಿ ಮೇಡಂ,
ಬಾನೆಟ್ಟಿನ ಮೇಲೆ ಅಂಗೈ ಊರಿ.
ಎಂಬತ್ತೇಳರ ಕಾಂಟೆಸ್ಸಾ,
ಒಣಗಿದ ಮುರುಗಲು ಸಿಪ್ಪೆಯ ಬಣ್ಣ.
ಹಿಂದಿನ ಟೈರು ಮಾತ್ರ ಅಗಲ ಬೇಕು.
ರಿಮ್ಮು ಆಗಲೇ ತಂದಿದ್ದಾರೆ, ಗೋಣಿಯಲ್ಲಿ ಸುತ್ತಿ.

ಇಡೀ ದಿನ ಶಿವಮೊಗ್ಗದವರಿಗೆಲ್ಲ
ಕ್ಲಚ್ ಮೆಲ್ಲಗೆ ಬಿಡಿ, ಮೆಲ್ಲಗೆ, ಎಂದು ಕಲಿಸುವ ಹೆಂಗಸು
ರಾತ್ರಿ ಇದನ್ನು ಎಲ್ಲಿಗೆ ಒಯ್ಯುತ್ತಾರೋ
ನಾನು ಕೇಳಲಿಲ್ಲ.

ಹೊರಗೆ ಬೆಳೆಯಬಾರದು ಅಂದರೆ ಒಳಗೆ ಬೆಳೆಯಬೇಕು.
ಚಕ್ರಕ್ಕೆ ಕೊಟ್ಟ ಜಾಗ ಸೀಟಿನಿಂದ ಕಿತ್ತದ್ದು.
ಡಿಕ್ಕಿಯಲ್ಲಿ ಸ್ಟೆಪ್ನಿ ಇನ್ನು ಮಲಗುವುದಿಲ್ಲ, ನಿಲ್ಲಬೇಕು.
ಹಿಂದೆ ಮೂವರು ಕೂರುತ್ತಿದ್ದಲ್ಲಿ
ಇಬ್ಬರು, ಮತ್ತೊಂದು ಟಿಫಿನ್ ಕ್ಯಾರಿಯರ್.
ನಾನೊಬ್ಬಳೇ, ಅಂದರು ಮೇಡಂ. ಕತ್ತರಿಸಿ.

ಟ್ಯಾಂಕ್ ಇಳಿಸಿ, ಬಾಯಿ ತೆರೆದು
ಎರಡು ದಿನ ಬಿಸಿಲಿಗಿಟ್ಟೆವು.
ಪಟ್ಟಾ ಬಿಚ್ಚಿ, ಆಕ್ಸಲ್ಲು ಸರಿಸಿ, ಸೀಟು ಎತ್ತಿದರೆ
ಒಂದು ಹೇರ್‌ಪಿನ್ನು, ಟಾಕೀಸಿನ ಅರ್ಧ ಟಿಕೇಟು, ನಾಲ್ಕಾಣೆ ಬಿಲ್ಲೆ.
ಜಯಂತ ಅದನ್ನು ತಿರುಗಿಸಿ ನೋಡಿದ:
ಇದು ಓಡ್ತದಾ ಅಣ್ಣ?

ಅಚ್ಚಿಗೆ ಲಗ್ನಪತ್ರಿಕೆಯ ರಟ್ಟು.
ಚಕ್ರದ ಬೆನ್ನಿಗೆ ಅದು ಬಾಗಿದಂತೆ ಬೇರೆ ಯಾವುದೂ ಬಾಗುವುದಿಲ್ಲ.
ತಮ್ಮ ಆಗಮನವನ್ನು ಬಯಸುವ, ಎಂಬಲ್ಲಿಗೆ ಸರಿಯಾಗಿ
ಕತ್ತರಿ ಹೋಯಿತು.

ಆಮೇಲೆ ಗ್ರೈಂಡರ್.
ಈಗಿನ ತಗಡು ಕಿರುಚುತ್ತದೆ,
ಹಳೇದು ಗಂಟಲಿನಿಂದ ಕೂಗುತ್ತದೆ.
ಮೂರು ಪದರ ಬಣ್ಣ, ಅದರಡಿ ಪುಟ್ಟಿ, ಅದರಡಿ ಟಾರು,
ಟಾರಿನಡಿ, ಬಲಗಡೆ ಕಮಾನಿನ ನೆತ್ತಿಯಲ್ಲಿ
ಹಿತ್ತಾಳೆ.

ಗೇಣುದ್ದದ ಬೆಸುಗೆ.
ಸಾಲು ಸಾಲು ಅಲೆ, ಒಂದೊಂದೂ ಹುರಿಗಡಲೆ ಗಾತ್ರ,
ಕೊನೆಯಲ್ಲಿ ಎಡಕ್ಕೊಂದು ಕೊಕ್ಕೆ.
ಬುಡೇನ್ ಸಾಬರ ಕೈ.

ಈ ಕೊಕ್ಕೆಗಾಗಿ ನಾನು ಏಟು ತಿಂದಿದ್ದೇನೆ.
ಕಡ್ಡಿ ಎತ್ತುವಾಗ ಮಣಿಕಟ್ಟು ತಿರುಗಿಸೋ ನಾಗೋಜಿ,
ಎಮ್ಮೆ ಬಾಲ ಎತ್ತಿದ ಹಾಗೆ ಎತ್ತಬೇಡ.
ಅವರು ಹೋಗಿ ಹನ್ನೊಂದು ವರ್ಷ.
ಶೆಡ್ಡಿದ್ದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ.
ಒಂದು ಫೋಟೋ ಕೂಡ ಯಾರ ಹತ್ತಿರವೂ ಇಲ್ಲ,
ಮೂಗು ನೆನಪಾದರೆ ಕಣ್ಣು ನೆನಪಾಗುವುದಿಲ್ಲ.
ಆದರೆ ಇದು.

ನನ್ನ ಚಾಕ್‌ಪೀಸಿನ ಗೆರೆ ಅದರ ಮೇಲೆಯೇ ಹಾಯುತ್ತಿತ್ತು.

ಬೀಡಿ ಹಚ್ಚಿದೆ.
ಟ್ಯಾಂಕು ದೂರವಿದೆಯಾ ಎಂದು ಆಮೇಲೆ ನೋಡಿದೆ.
ಗೆರೆಯನ್ನು ಅರ್ಧ ಇಂಚು ಸರಿಸಬಹುದಿತ್ತು.
ಸರಿಸಿದರೆ ಹಂಪಿನಲ್ಲಿ ಟೈರು ಉಜ್ಜುತ್ತದೆ.
ಸಾಬರೇ ಇದ್ದಿದ್ದರೆ,
ನಿನ್ನ ಕರೆದದ್ದು ಕೆಲಸಕ್ಕೋ, ನನ್ನ ಬೆಸುಗೆಗೆ ಊದುಬತ್ತಿ ಹಚ್ಚೋಕೋ?

ಹಿತ್ತಾಳೆಯಲ್ಲಿ ಡಿಸ್ಕು ಹೋಗುವಾಗ ಕಿಡಿ ಹಾರುವುದಿಲ್ಲ.
ಅಷ್ಟು ಹೊತ್ತು ಶೆಡ್ಡಿನ ಗೋಡೆಗೆ ಸಿಡಿಯುತ್ತಿದ್ದದ್ದು
ಆ ಒಂದು ಗೇಣು ಅಡಗಿತು.
ಹಳದಿ ಪುಡಿ,
ನನ್ನ ತೋಳಿನ ಕೂದಲ ಮೇಲೆ.

ಕತ್ತರಿಸಿದ ಚೂರನ್ನು ಸಂಜೆ ಹುಡುಕಿದೆ.
ಜಯಂತ ಆಗಲೇ ಗುಜರಿಗೆ ತೂಕಕ್ಕೆ ಹಾಕಿದ್ದ,
ಬಂದ ದುಡ್ಡಲ್ಲಿ ಎರಡು ಟೀ ತಂದಿದ್ದ.
ಕುಡಿದೆ.

ಹದಿನೆಂಟು ಗೇಜಿನ ತಗಡು, ಮರಳು ಚೀಲ, ಮರದ ಸುತ್ತಿಗೆ.
ತಗಡಿಗೆ ಹೊಟ್ಟೆ ಬರಿಸುವುದು ಅವಸರದ ಕೆಲಸವಲ್ಲ,
ಒಂದೇ ಕಡೆ ಬಡಿದರೆ ಮುನಿಸಿಕೊಂಡು ಇನ್ನೊಂದು ಕಡೆ ಉಬ್ಬುತ್ತದೆ.
ಒಂದು ಟಾಕಾ, ತಣಿಯಲಿ. ಇನ್ನೊಂದು ಟಾಕಾ, ತಣಿಯಲಿ.
ಈಗ ಮಿಗ್ ಇದೆ, ಕಡ್ಡಿ ಎತ್ತುವ ಮಾತೇ ಇಲ್ಲ,
ಆದರೂ ಕೊನೆಗೆ ಮಣಿಕಟ್ಟು ತಾನಾಗಿ ತಿರುಗಿತು.
ಇದೆಂತದು ಅಣ್ಣ, ಬಾಲ?
ಟಾರು ಬಳಿ, ಅಂದೆ.

ಗಾಜನೂರಿನ ತಿರುವಿನವರೆಗೆ ಮೇಡಂ ಓಡಿಸಿದರು.
ನಾನು ಹಿಂದೆ, ಮೊಣಕಾಲು ಒತ್ತಿಕೊಂಡು,
ಬಲಗಿವಿಯನ್ನು ಕಮಾನಿಗೆ ಕೊಟ್ಟು.
ಹಂಪು ಬಂತು. ಕಾರು ಕುಳಿತು ಎದ್ದಿತು.
ಉಜ್ಜಲಿಲ್ಲ.

ಏನಾದರೂ ಕೇಳಿಸ್ತಾ? ಅಂದರು ಕನ್ನಡಿಯಲ್ಲಿ.
ಇನ್ನೊಂದು ಹಂಪು ಹತ್ತಿಸಿ ಮೇಡಂ,
ಅಂದೆ. ಸ್ವಲ್ಪ ಜೋರಾಗಿ.