ವೈದ್ಯರಿಗೆ ವಯಸ್ಸೆಷ್ಟು

ಮಾರ್ಚ್ ಮುಗಿಯಿತು. ನೆಲಮಾಳಿಗೆಯ ಪೆಟ್ಟಿಗೆಯಲ್ಲಿ
ಒಣಗಿದೆಲೆ ಸರಿಸಿ ನೋಡಿದೆ:
ಎದ್ದಿದ್ದಾಳೆ, ಕಣ್ಣು ತೆರೆದಿಲ್ಲ.
ರೆಪ್ಪೆಗಳು ನೆನೆಹಾಕಿದ ಕಡಲೆಯ ಹಾಗೆ ಊದಿವೆ.
ಅವಳಿಗಿಷ್ಟದ ಹಳದಿ ಕಾಡುಹೂವು ಮೂಗಿಗೆ ಹಿಡಿದರೂ
ಕತ್ತು ಒಳಗೆಳೆದುಕೊಂಡಳು,
ಸಾಲ ಕೊಟ್ಟವನ ದನಿ ಕೇಳಿದವರ ಹಾಗೆ.

ಇವಳು ಒಲಿಂಪಿಯಾ. ಆಮೆ.
ಪೋಲಾ ಊರು ಬಿಟ್ಟು ಹಡಗು ಹತ್ತಿದ ದಿನ
ಅಮ್ಮ ಟೋಪಿಯ ಡಬ್ಬಿಯಿಂದ ಟೋಪಿ ತೆಗೆದೆಸೆದು
ಇವಳನ್ನು ಇಟ್ಟುಕೊಂಡು ಬಂದಳಂತೆ.
ನಾನಾಗ ಅಮ್ಮನ ಹೊಟ್ಟೆಯಲ್ಲಿ.
ಹಾಗೆ ಇಬ್ಬರೂ ಒಂದೊಂದು ಡಬ್ಬಿಯೊಳಗೆ
ತ್ರಿಯೆಸ್ತೆಗೆ ಬಂದಿಳಿದವರು.

ಇಲ್ಲಿ ನಾಯಿಗೆ ಹೆಜ್ಜೆಗೊಬ್ಬರು ವೈದ್ಯರು, ಬೆಕ್ಕಿಗೆ ಬೀದಿಗೊಬ್ಬರು.
ಆಮೆ ಎಂದೊಡನೆ ಫೋನಿನ ಆ ಬದಿ ಮೌನ,
ಆಮೇಲೆ, 'ತಾಳಿ, ಕೇಳಿ ಹೇಳುತ್ತೇನೆ.'
ಮೀನು ಮಾರುವ ಎಜಿದಿಯೊ ಒಬ್ಬರ ಹೆಸರು ಕೊಟ್ಟ,
ಔಷಧದಂಗಡಿಯವಳು ಇನ್ನೊಬ್ಬರದು.
ಮೂರನೆಯದು, ಗಿಳಿ ಸಾಕಿದ ಸ್ಲೊವೀನ್ ಮುದುಕ ಜೋರ್ಕೊ
ಬ್ರೆಡ್ಡಿನ ಚೀಲ ಹರಿದು ಬರೆದುಕೊಟ್ಟದ್ದು.

ಮೊದಲಿನವರ ಗೋಡೆ ತುಂಬ ಚೌಕಟ್ಟು ಹಾಕಿದ ಪದವಿಗಳು.
ಒಲಿಂಪಿಯಾಳನ್ನು ಅಂಗಾತ ಮಾಡಿಯೇ ಬಿಟ್ಟರು,
ನಾಲ್ಕು ಕಾಲು ಗಾಳಿಯಲ್ಲಿ ಈಜಿದವು.
'ವಯಸ್ಸಾಗಿದೆ' ಅಂದರು.
ನನ್ನನ್ನು ನೋಡಿ ಅಂದರು.

ಎರಡನೆಯವರು ಒಳ್ಳೆಯವರು.
ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಮುಟ್ಟಿದರು,
ಅಷ್ಟಕ್ಕೇ ಅರ್ಧ ಮನಸ್ಸು ಕೊಟ್ಟೆ.
ಆದರೆ ಬಾಗುವಾಗ ಸೊಂಟ ಹಿಡಿದುಕೊಂಡದ್ದು ಕಂಡೆ.
'ಡಾಕ್ಟರೇ, ನಿಮಗೆಷ್ಟು ವಯಸ್ಸು?'
ಅರವತ್ತಾರು. ಬರುವ ಕ್ರಿಸ್‌ಮಸ್‌ಗೆ ಬಾಗಿಲು ಹಾಕುತ್ತಾರಂತೆ,
ಗ್ರಾದೊದಲ್ಲಿ ದೋಣಿ ಕೊಂಡಿದ್ದಾರಂತೆ.
ಕೈಗುಣವಿತ್ತು. ಕಾಲವಿರಲಿಲ್ಲ.

ನಗಬೇಡಿ. ನಾನು ಹುಡುಕುತ್ತಿರುವುದು
ಈ ಕಣ್ಣಿನೂತಕ್ಕೆ ಮಾತ್ರವಲ್ಲ.
ಇವಳಿಗಿನ್ನೂ ಇಪ್ಪತ್ತು ವಸಂತ ಇರಬಹುದು,
ನನ್ನವು ಒಂದು ಕೈ ಬೆರಳಿಗೆ ಮುಗಿಯುತ್ತವೆ.

ಬ್ರೆಡ್ಡಿನ ಚೀಲದ ವಿಳಾಸ ಗುಡ್ಡದ ಮೇಲೆ, ಒಪಿಚಿನಾದಲ್ಲಿ.
ಅಂದೇ ಬೋರಾ ಗಾಳಿ ಏಳಬೇಕೆ!
ಡಬ್ಬಿ ಎದೆಗವುಚಿಕೊಂಡು, ದೀಪದ ಕಂಬ ಕಂಬ ಹಿಡಿದು,
ಬಸ್ಸಿಳಿದು ನೂರು ಹೆಜ್ಜೆಗೆ ಅರ್ಧ ಗಂಟೆ.
ಬಾಗಿಲು ತೆರೆದವಳು ಹುಡುಗಿ, ಮೂಗಿನಲ್ಲಿ ಬೆಳ್ಳಿಯುಂಗುರ,
ತೋಳಿನ ಮೇಲೆ ಯಾವುದೋ ಬೆಕ್ಕು ಪರಚಿದ ಹಸಿ ಗೀರು.
'ಡಾಕ್ಟರನ್ನು ಕರೆ' ಅಂದೆ.
'ಬಂದಾಯಿತು' ಅಂದಳು.

ಮೇಜಿನ ಮೇಲಿಡಲಿಲ್ಲ. ತಾನೇ ನೆಲಕ್ಕೆ ಕೂತಳು.
ಮುಟ್ಟಲೂ ಇಲ್ಲ, ಬಹಳ ಹೊತ್ತು.
ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು.
ಮೊದಲು ಒಂದು ಕಾಲು, ಆಮೇಲೆ ಕತ್ತು ಹೊರಬಂತು.
'ಹೋದ ವರ್ಷ ತೂಕ ಎಷ್ಟಿತ್ತು?'

ಯಾರೂ ಕೇಳಿರಲಿಲ್ಲ ಅದನ್ನು.
ಕೈಚೀಲದಿಂದ ನೋಟುಪುಸ್ತಕ ತೆಗೆದೆ:
ಪ್ರತಿ ವಸಂತ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದದ್ದು.
ಅಪ್ಪನ ಓರೆ ಅಂಕಿ, ಅಮ್ಮನ ದುಂಡನೆ ಅಂಕಿ,
ನಲವತ್ತು ವರ್ಷದಿಂದ ನನ್ನದು, ಈಚೆಗೆ ನಡುಗುವಂಥದು.
ಪುಟದ ಮೇಲೆ ಪುಟ ಓದಿದಳು, ಕಾದಂಬರಿ ಹಿಡಿದವಳ ಹಾಗೆ.
'ಎಪ್ಪತ್ತೆಂಟರಲ್ಲಿ ಏನಾಯಿತು? ಇನ್ನೂರು ಗ್ರಾಂ ಇಳಿದಿದೆ.'
'ಅಪ್ಪ ಹೋದರು. ಆ ಬೇಸಿಗೆ ಮನೆಯಲ್ಲಿ
ಯಾರೂ ಸರಿಯಾಗಿ ಉಣ್ಣಲಿಲ್ಲ.'

ಕಣ್ಣಿಗೆ ಹನಿ, ದಿನಕ್ಕೆರಡು ಸಲ ಬೆಚ್ಚಗಿನ ನೀರು,
ವಾರ ಬಿಟ್ಟು ಬನ್ನಿ.
'ವಾಸಿಯಾಗುತ್ತದೆಯೆ?'
'ಈಗಲೇ ಹೇಳಲಾರೆ.'

ಕೇಳಲೋ ಬೇಡವೋ ಅನ್ನುತ್ತ ಕೇಳಿಯೇ ಬಿಟ್ಟೆ ವಯಸ್ಸು.
'ಇಪ್ಪತ್ತೊಂಬತ್ತು. ಚಿಕ್ಕವಳಾದೆನೆ?'
ಬೆರಳು ಮಡಿಸಿ ಲೆಕ್ಕ ಹಾಕಿದೆ. ಎರಡು ಸಲ ಹಾಕಿದೆ.
ಅವಳು ಒಲಿಂಪಿಯಾಳನ್ನು ತಕ್ಕಡಿಗೆ ಏರಿಸಿ
ಅಂಕಿಯನ್ನು ಗಟ್ಟಿಯಾಗಿ ಹೇಳಿದಳು, ನಾನು ಬರೆದುಕೊಳ್ಳಲೆಂದು.

ಪೆನ್ನನ್ನು ಅವಳತ್ತ ಚಾಚಿದೆ.