ಮೂರು ಗ್ರಾಂ

ಹದಿನಾಲ್ಕು ಲಾರಿ ನಿಂತಾವ ಕಪನೂರ ಕಾಂಟಾದ ಮುಂದ
ತೊಗರಿ ತುಂಬಿ, ತಾಡಪಲ್ ಬಿಗಿದು.
ಜೇವರ್ಗಿದು ಒಂದು, ಅಫಜಲಪುರದು ಮೂರು,
ಉಳಿದುವು ಯಾವೂರಿನವೋ, ನಂಬರಿನ ಮ್ಯಾಲ ಧೂಳು ಮೆತ್ತ್ಯಾದ.
ಸಂಜಿಗೆ ಹೋದ ಕರೆಂಟು ಹತ್ತಕ್ಕ ಬಂತು.
ಕಂಪ್ಯೂಟರ್ ಬರಲಿಲ್ಲ.

ಬಂತು ಅನ್ನಬೇಕೋ ಏನೋ.
ಫ್ಯಾನ್ ತಿರಗ್ತದ, ಹಸಿರು ದೀಪ ಹತ್ತ್ಯಾದ,
ಕರೀ ಪರದಿ ಮ್ಯಾಲ ಬಿಳೀ ಅಕ್ಷರದ ಒಂದೇ ಸಾಲು:
ಎಬ್ಬಿಸೋ ಡಿಸ್ಕ್ ಸಿಗವಲ್ದು, ಡಿಸ್ಕ್ ಹಾಕಿ ಯಾವುದರ ಕೀ ಒತ್ತು.
ಒತ್ತಿದೆ.
ಅದರ ಕೆಳಗ ಅದೇ ಸಾಲು.
ಮತ್ತೊಮ್ಮಿ ಒತ್ತಿದೆ.
ಪರದಿ ತುಂಬ ಸಿಗವಲ್ದು ಸಿಗವಲ್ದು ಸಿಗವಲ್ದು.

ಡ್ರೈವರ್ ಭೀಮಶಾ ಕಿಡಕ್ಯಾಗ ತಲಿ ತೂರಿಸಿ
'ಜಗದೇವಕ್ಕ, ಒಂದು ಏಟು ಹಾಕ್ರಿ' ಅಂದ.
ಹಾಕಿದೆ. ಕೈ ಉರೀತು.

ಲಾಡ್ಲೆಸಾಬಗ ಫೋನ್ ಹಚ್ಚಿದೆ. ನಿದ್ದಿಗಣ್ಣಿನ ದನಿ:
'ಮುಚ್ಚಳ ಬಿಚ್ಚು. ಡಿಸ್ಕಿನ ಮ್ಯಾಲ ಅಂಗೈ ಇಡು. ನಡಗ್ತದೇನು?'
ತೊಗರಿ ಹೊಟ್ಟಿನ ಹಳದಿ ಧೂಳು ಊದಿದೆ,
ಹಲ್ಲಿ ಬಿಟ್ಟುಹೋದ ಪೊರಿ ಒಂದು ತೆಗೆದು ಚೆಲ್ಲಿದೆ,
ವೈರು ಕಿತ್ತಿ ಮತ್ತ ಒತ್ತಿ ಕೂಡಿಸಿದೆ.
ಇಟ್ಟೆ ಕೈ.
ಮಲಗಿದ ಮರಿಯ ಹೊಟ್ಟಿ ಇದ್ದಾಂಗ
ಬೆಚ್ಚಗ, ಸಣ್ಣಗ, ಬಿಡದೆ ನಡಗ್ತಿತ್ತು.
'ಜೀವ ಅದ' ಅಂದೆ.
'ಹಾಂಗಾದ್ರ ಕುತ್ತಿಗಿ ಅದರದಲ್ಲ. ಎಫ್ ಟೂ ಒತ್ತು.'

ನೀಲಿ ಪರದಿ. ಯಾರನ್ನ ಮೊದಲು ಕರೀಬೇಕು ಅನ್ನೋ ಪಟ್ಟಿ.
ಮೊದಲು ನೆಟ್‌ವರ್ಕು, ಆಮ್ಯಾಲ ಸೀಡಿ,
(ಸೀಡಿ ಹಾಕೋ ಬಾಯಿ ಮುರದು ಮೂರು ವರ್ಷ)
ಆಮ್ಯಾಲ ಪೆನ್ ಡ್ರೈವು. ನಮ್ಮ ಡಿಸ್ಕಿನ ಹೆಸರೇ ಇಲ್ಲ.
ಇಲ್ಲದವರ ಬಾಗಿಲಾ ಬಡೀತದ ಇದು, ಓಣಿ ಓಣಿ ತಿರಗಿ,
ತನ್ನ ಮನಿ ಒಳಗ ಎಚ್ಚರಿದ್ದವನ್ನ ಕರ್ಯಾಂಗಿಲ್ಲ.

ಮ್ಯಾಲ ಮೂಲ್ಯಾಗ ತಾರೀಖು:
ಜನವರಿ ಒಂದು, ಎರಡು ಸಾವಿರದ ಒಂಬತ್ತು. ಸೊನ್ನಿ ಗಂಟಿ, ಹದಿನೇಳು ನಿಮಿಷ.
ಆಗ ಈ ಕಾಂಟಾ ಇರಲಿಲ್ಲ, ಈ ಖೋಲಿ ಇರಲಿಲ್ಲ,
ಇಲ್ಲೆ ಬಿಳಿಜೋಳ ನಿಂತಿತ್ತು ಎದಿಮಟ.
ಅದರ ಲೆಕ್ಕದಾಗ ನಾ ಈಗ ಜೋಳದ ನಡುವ ಕುರ್ಚಿ ಹಾಕ್ಕೊಂಡು ಕೂತೀನಿ.
ಭೀಮಶಾ ನಕ್ಕ: 'ಡೀಸೆಲ್ಲೂ ಅವತ್ತಿನ ರೇಟಿಗೆ ಸಿಗ್ತದೇನ್ರಿ?'

'ಸೆಲ್ ಸತ್ತದ' ಅಂದ ಲಾಡ್ಲೆ. 'ಅಲ್ಲೇ ಹಲಗಿ ಮ್ಯಾಲ, ಎಂಟಾಣಿ ಹಾಂಗ ದುಂಡಗ.
ಕರೆಂಟ್ ಹೋದಾಗ ನೆನಪು ಕಾಯೋದು ಅದೇ.'
ಇನ್ನೇನೋ ಹೇಳ್ತಿದ್ದ, ಅವನ ಫೋನಿನ ಸೆಲ್ಲೂ ಹೋತು.

ಅರವತ್ತು ಟನ್ ಹೊರೋ ಕಬ್ಬಿಣ ಅಂಗಳದಾಗ ಸುಮ್ಮ ಬಿದ್ದದ.
ರಾತ್ರಿ ಹನ್ನೊಂದೂವರಿ. ಯಾವ ಅಂಗಡಿ?
ಮೇಜಿನ ಮ್ಯಾಲ ಸ್ಯಾಂಪಲ್ ತೂಗೋ ಸಣ್ಣ ತಕ್ಕಡಿ ಇತ್ತು,
ಹುಳುಕು ಎಷ್ಟು, ಒಡಕು ಎಷ್ಟು ಅಂತ ಚಿಟಿಕಿ ಚಿಟಿಕಿ ಹೇಳೋದು.
ಬುಡ ಮಗುಚಿ ನೋಡಿದೆ. ಅಂಥದ್ದೇ ಸೆಲ್ಲು.

ತೆಗ್ಯೋಕಿಂತ ಮೊದಲು, ಯಾಕೋ,
ಸತ್ತ ಸೆಲ್ಲು ಅದರ ಮ್ಯಾಲ ಇಟ್ಟೆ.
ಮೂರು ಗ್ರಾಂ.
ಜೀವ ಇದ್ದದ್ದು ಎಷ್ಟು ತೂಗ್ತದ?
ಅದು ನೋಡಾಕ ಬರಂಗಿಲ್ಲ. ಅದು ಹೊರಗ ಬಂದ್ರ
ತೂಗೋ ಕಣ್ಣೇ ಮುಚ್ತದ.
ಮುಚ್ಚಿತು.

ಹಾಕಿದೆ. ಡಿಸ್ಕಿನ ಹೆಸರು ಹುಡುಕಿ ಮ್ಯಾಲಕ್ಕ ತಂದೆ.
ಇವತ್ತು ಯಾವ ದಿನ ಅಂತ ಭೀಮಶಾನ ಮೊಬೈಲ್ ನೋಡಿ
ನಾನೇ ಬರದು ಕೊಟ್ಟೆ.
ಪರದಿ ಒಮ್ಮಿ ಕಪ್ಪಾಗಿ, ಭಾಳ ಹೊತ್ತು ಕಪ್ಪಾಗೇ ಇದ್ದು,
ಆಮ್ಯಾಲ ಸೇಠ್‌ನ ಮೊಮ್ಮಗನ ಹುಟ್ಟುಹಬ್ಬದ ಫೋಟೋ ಬಂತು,
ಮೂಗಿನ ತುಂಬ ಕೇಕು.
ಹೊರಗ ಹದಿನಾಲ್ಕು ಎಂಜಿನ್ನು ಒಂದಾದ ಮ್ಯಾಲ ಒಂದು ಕೆಮ್ಮಿದವು.

ಮುಂಜಾನಿ ಸ್ಯಾಂಪಲ್ ನೋಡೋ ರೇವಪ್ಪ ಬಂದ.
ತಕ್ಕಡಿ ಒತ್ತಿದ, ಬಡದ, ಕಿವೀಗೆ ಹಚ್ಚಿ ಕೇಳಿದ.
'ಇದು ಯಾಕ ಏಳವಲ್ದು?'
ನಾ ಚಾದಾಗ ಟೋಸ್ಟು ಅದ್ದಕೋತ ಕೂತಿದ್ದೆ.
'ಒಂದು ಏಟು ಹಾಕಿ ನೋಡು' ಅಂದೆ.