ಗೋಡೆಯಾಚೆಯ ತಂಡ

ಇವರದ್ದು ಮೊದಲು ಯಾವ ಆಲ್ಬಮ್ ಕೊಳ್ಳಲಿ ಅಂತ ಕೇಳಿದರೆ ಸಾಕು,
ಉತ್ತರ ನನ್ನಲ್ಲಿ ಇಸ್ತ್ರಿ ಮಾಡಿ ಮಡಚಿಟ್ಟ ಹಾಗೆ ಸಿದ್ಧ:
ಮೂರನೆಯದು.
ಮೊದಲೆರಡರಲ್ಲಿ ಹುಡುಗರ ದನಿಯೇ ಇನ್ನೂ ಒಡೆದಿಲ್ಲ.
ಐದರ ಹೊತ್ತಿಗೆ ದುಡ್ಡು ಬಂತು, ಹಿಂದೆಯೇ ಪಿಟೀಲುಗಳು ಬಂದವು.
ಜೋಡಿ ಪ್ಲೇಟಿನ ಆರನೆಯದು ಭಕ್ತರ ಪಾಲಿಗಿರಲಿ.
ಆಯ್ದ ಹಾಡುಗಳ ಸಂಕಲನವೋ,
ಊಟ ಬಿಟ್ಟು ಸಿಹಿ ಮಾತ್ರ ತಿಂದು ಏಳುವವರಿಗೆ.

ಬ್ಯಾರೋ ಊರು, ಎಪ್ಪತ್ತೇಳರ ನವೆಂಬರು.
ಹಡಗುಕಟ್ಟೆಯ ಸೈರನ್ನಿಗೆ ಗಡಿಯಾರ ತಿದ್ದಿಕೊಳ್ಳುವ ಬೀದಿ.
ನಾನು ಪೋಸಲ್‌ತ್ವೇಟರ ಅಂಗಡಿಯ ಶನಿವಾರದ ಹುಡುಗ,
ಹತ್ತೊಂಬತ್ತಕ್ಕೇ ಪಂಡಿತ.
ಲೊರೇನ್ ಟೈಸನ್ ಒಳಗೆ ಬಂದಳು,
ಮನೆಮನೆಗೆ ಪತ್ರಿಕೆ ಹಾಕಿ ಕೂಡಿಟ್ಟ ಮೂರು ಪೌಂಡು ಚಿಲ್ಲರೆಯನ್ನು
ಎಡಗೈಯ ಗವಸಿನೊಳಗೆ ಬೆಚ್ಚಗೆ ಇಟ್ಟುಕೊಂಡು.

ತಂಡದ ಹೆಸರು ಹೇಳಿದಳು. ಹಾಡಿನ ಹೆಸರು?
ಗೊತ್ತಿಲ್ಲ.
ಹೋಗಲಿ, ಒಂದು ಸಾಲು?
"ಮಾತು ಕೇಳಿಸ್ತಾನೇ ಇರಲಿಲ್ಲ. ಪಕ್ಕದ ಮನೆ ರಾಡ್ನಿ ಹಾಕ್ತಿದ್ದ,
ರಾತ್ರಿಪಾಳಿ ಮುಗಿಸಿ ಬಂದು, ಬೆಳಿಗ್ಗೆ ಏಳಕ್ಕೆ.
ಹೆಸರು ಅವನ ಜಾಕೆಟ್ಟಿನ ಬೆನ್ನ ಮೇಲೆ ಓದಿದ್ದು.
ನಮ್ಮ ಕಡೆಗೆ ಬರ್ತಿದ್ದದ್ದು ಬರೀ ಕೆಳಗಿನದು."
ಕೌಂಟರಿನ ಮೇಲೆ ಗೆಣ್ಣಿನಿಂದ ಬಡಿದು ತೋರಿಸಿದಳು:
ಡುಂ, ಡುಡುಂ, ಡುಂ,
ಆಮೇಲೆ ಒಂದು ಕಡೆ ಏನೂ ಇಲ್ಲ, ಮೆಟ್ಟಿಲು ತಪ್ಪಿದ ಹಾಗೆ,
ಮತ್ತೆ ಡುಂ.
ರಾಡ್ನಿ ಅಬರ್ದೀನಿಗೆ ಹೋದನಂತೆ, ಎಣ್ಣೆಬಾವಿಯ ಕೆಲಸಕ್ಕೆ.
ಈಗ ಆ ಮನೆಯಲ್ಲಿ ಗಿಳಿ ಸಾಕಿದ ದಂಪತಿ.

ಗೋಡೆಗೂ ಕಿವಿಯಿದೆ ಅನ್ನುತ್ತಾರೆ.
ಅವಳ ಗೋಡೆಗೆ ಎದೆಯಿತ್ತು.

ಮೂರನೆಯದನ್ನು ಹಾಕಿದೆ, ಹೆಮ್ಮೆಯಿಂದ, ಸದ್ದು ಏರಿಸಿ.
ತಲೆಯಾಡಿಸಿದಳು. "ಇದರಲ್ಲಿ ತುಂಬಾ ಜನ ಇದ್ದಾರೆ."
ಆಮೇಲೆ, ಹಿಂದಿನ ಉಗ್ರಾಣ ತೋರಿಸಿ,
"ಅಲ್ಲಿ ಹೋಗಿ ಬಾಗಿಲು ಹಾಕಿಕೊಳ್ಳಲಾ?"

ಕೆಟಲ್ಲು, ಪೊರಕೆ, ಪೋಸಲ್‌ತ್ವೇಟರ ಮಳೆಬೂಟುಗಳ ನಡುವೆ
ಗೋಡೆಗೆ ಅಂಗೈ ಒತ್ತಿ ನಿಂತಿದ್ದಳು. ನಾನು ಈಚೆ
ಒಂದೊಂದಾಗಿ ಹಾಕುತ್ತ ಹೋದೆ.
ಸಿಕ್ಕರೆ ಎರಡು ಸಲ ಬಡಿ ಅಂದಿದ್ದೆ.
ಮೂರು, ಮತ್ತೊಮ್ಮೆ: ಸದ್ದಿಲ್ಲ.
ಒಂದು. ಎರಡು. ಗಿರಾಕಿಯೊಬ್ಬರು ಪೋಲಿಷ್ ಪೋಲ್ಕಾ ಕೇಳಿ ಬಂದು ಹೋದರು.
ಕೊನೆಗೆ ನಾಲ್ಕು, ಮುಖಪುಟದಲ್ಲಿ ಒದ್ದೆ ಕುದುರೆಯಿರುವುದು,
ವರ್ಷಕ್ಕೊಂದು ಮಾರಾಟವಾದರೆ ನಾವೇ ಬೆರಗಾಗುವಂಥದ್ದು.
ಹಿಂಬದಿ, ಎರಡನೆಯ ಹಾಡು.
ಟಕ್ ಟಕ್.

"ಅವರದ್ದರಲ್ಲೇ ತೀರಾ ಸಪ್ಪೆ ಇದು," ಎಂದೆ, ಕರ್ತವ್ಯವೆಂದು.
"ಇರಲಿ," ಎಂದಳು.
ಹದಿನೈದು ಪೆನ್ನಿ ಕಡಿಮೆ ಬಿತ್ತು. ಪೋಸಲ್‌ತ್ವೇಟರು
ಕವರಿನ ಮೂಲೆಯನ್ನು ತಾವೇ ಉಗುರಿನಿಂದ ಮಡಚಿ,
"ಹರಿದಿದೆ ನೋಡು, ರಿಯಾಯಿತಿ," ಎಂದರು.

ವಾರದ ಮೇಲೆ ಬೀದಿಯಲ್ಲಿ ಸಿಕ್ಕಳು. ಹೇಗಿದೆ ಅಂದೆ.
"ಚೆನ್ನಾಗಿದೆ. ಮೇಲೆ ಯಾರೋ ಹಾಡ್ತಾನಲ್ಲ,
ಪಾಪ, ಅವನಿಗೂ ಅಭ್ಯಾಸವಾಗ್ತೀನಿ."

ಒಂದು ಸಂಜೆ ಅಂಗಡಿ ಮುಚ್ಚಿದ ಮೇಲೆ
ನಾಲ್ಕನೆಯದನ್ನು ಹಾಕಿ ಉಗ್ರಾಣಕ್ಕೆ ಹೋಗಿ ನಿಂತೆ.
ಕೈ ಒತ್ತಿದೆ. ಮೊದಲು ಬರೀ ತಣ್ಣಗಿನ ಸುಣ್ಣ.
ಆಮೇಲೆ ಕೆಟಲ್ಲಿನ ಮುಚ್ಚಳ ಸಣ್ಣಗೆ ನಡುಗತೊಡಗಿತು.

ಈಗಲೂ ಜನ ಕೇಳುತ್ತಾರೆ, ಮೊದಲು ಯಾವುದು ಕೊಳ್ಳಲಿ ಅಂತ.
ಮೂರನೆಯದು ಅನ್ನುತ್ತೇನೆ, ನಾಲಗೆಗೆ ಅದೇ ಅಭ್ಯಾಸ.
ಆದರೆ ಅದಕ್ಕೂ ಮುಂಚೆ, ಹೊರಗೆ ಮಳೆಯಿದ್ದು ಗಿರಾಕಿಗೆ ಅವಸರವಿಲ್ಲದಿದ್ದರೆ,
ಕೇಳಿಬಿಡುತ್ತೇನೆ:
ನಿಮ್ಮ ಪಕ್ಕದ ಮನೆಯಲ್ಲಿ ಯಾರಿದ್ದಾರೆ?